ಸುರಂಗ ತಿರುಗುವ ಜಾಗ

ಫೆಬ್ರವರಿ 4

ಮನೆಗೆ ನೀರು ಬರುವ ಸುರಂಗದ ಹೂಳು ತೆಗೆದು ಮುಗಿಯಿತು. ಕೂದಲೊಳಗೂ ಕೆಂಪು ಮಣ್ಣು. ವರ್ಷಕ್ಕೊಮ್ಮೆ ಮಾಡದಿದ್ದರೆ ಬೇಸಿಗೆಯಲ್ಲಿ ನೀರು ನೂಲಿನಷ್ಟು ಸಪೂರವಾಗುತ್ತದೆ. ಮೊದಲು ಅಜ್ಜನೇ ಒಳಗೆ ಹೋಗುತ್ತಿದ್ದರು. ಅಮ್ಮನಿಗೆ ಉಸಿರು ಕಟ್ಟುತ್ತದೆ. ಹಾಗಾಗಿ ನಾನು.

ಈ ಸಲ ಕೊನೆಯವರೆಗೆ ಹೋದೆ. ಮನೆಯ ಹಿಂದಿನಿಂದ ಗುಡ್ಡದೊಳಗೆ ನೇರ ಹೋಗಿದೆ ಎಂದೇ ಎಲ್ಲರೂ ಹೇಳುವುದು. ನೇರ ಇಲ್ಲ. ಬಂಡೆ ಅಡ್ಡ ಬಂದಲ್ಲಿ ಬಲಕ್ಕೆ, ರಸ್ತೆಯ ಬದಿಗೆ ತಿರುಗುತ್ತದೆ. ನೀರು ಒಸರುವುದು ಆ ತಿರುವಿನ ಆಚೆ.

ಮುಳ್ಳೇರಿಯದ ಬಟ್ಟೆಯಂಗಡಿ ಕೆಲಸ ಬಿಟ್ಟೆ. ಬಟ್ಟೆಯ ಬಣ್ಣ ಹೋಗುವುದಿಲ್ಲ ಅಂತ ಗಿರಾಕಿಗಳಿಗೆ ಹೇಳು ಅಂದರು. ಹೋಗುತ್ತದೆ ಅಂದೆ. ಪ್ಲಸ್ ಟು ಬಿಟ್ಟ ಮೇಲೆ ಬಿಟ್ಟದ್ದು ಇದೇನು ಮೊದಲನೆಯದಲ್ಲ.

ಫೆಬ್ರವರಿ 9

ಅಮ್ಮ ಕಾಸರಗೋಡಿನಿಂದ ಬಂದಳು. ಮುಖದಲ್ಲಿ ನಗು! ಕೋರ್ಟಿನವರು ಮಧ್ಯಸ್ಥಿಕೆಗೆ ಕಳಿಸಿದ್ದರು. ಅಲ್ಲಿ ಅಂತೂ ಮಾವ ಒಪ್ಪಿದರಂತೆ.

ಎರಡು ವರ್ಷದ ರಗಳೆ. ಅಜ್ಜ ವೀಲುನಾಮೆ ಬರೆಯದೆ ಹೋದರು. ಜಾಗ ಅಮ್ಮನಿಗೂ ಅವಳ ಅಣ್ಣ ಲೋಕನಾಥ ಮಾವನಿಗೂ ಸಮಪಾಲು. ಒಪ್ಪಿ ಭಾಗಪತ್ರ ಮಾಡೋಣ ಅಂತ ಶುರುವಾಯಿತು—ಗೆರೆ ಎಲ್ಲಿ ಎಂಬಲ್ಲಿಗೆ ನಿಂತಿತು. ‘ಹಕ್ಕು ಬಿಟ್ಟುಕೊಡು, ದುಡ್ಡು ಕೊಡ್ತೇನೆ’ ಅಂದರು ಮಾವ. ‘ದುಡ್ಡು ದನಗಳಿಗೆ ಕುಡಿಸ್ಲಿಕ್ಕೆ ಆಗ್ತದಾ?’ ಅಂದಳು ಅಮ್ಮ. ಅಲ್ಲಿಗೆ ಮಾತು ನಿಂತಿತು. ಮಾವ ಗಲ್ಫಿನಿಂದ ಬಂದು ಕುಂಜತ್ತೂರಿನಲ್ಲಿ ಮನೆ ಕಟ್ಟಿದವರು. ಪಾಲಿಗಾಗಿ ಕೇಸು ಹಾಕಿದರು.

ಈಗ ಹಳೆಯ ಕ್ರಮವೇ ಆಗಲಿ ಅಂತ ನಿಶ್ಚಯವಾಗಿದೆ. ಹಿರಿಯ ಭಾಗ ಮಾಡುವುದು, ಕಿರಿಯ ಮೊದಲು ಆರಿಸುವುದು. ಮಾವ ಗೆರೆ ಎಳೆದರು. ಮನೆ, ಸುರಂಗದ ಬಾಯಿ, ಹಿಂದಿನ ಗೇರುಗುಡ್ಡ ಒಂದು ಕಡೆ. ರಸ್ತೆ ಬದಿ, ಅದರ ಮೇಲಿನ ಗುಡ್ಡ ಇನ್ನೊಂದು ಕಡೆ. ಅಮ್ಮ ಮನೆ ಕಡೆಯದನ್ನು ಆರಿಸಿದಳು. ಮಾವನಿಗೆ ಬೇಕಾದ್ದೂ ರಸ್ತೆಯೇ. ಗುಡ್ಡಕ್ಕೆ ಜೆಸಿಬಿ ಹಾಕಿ ಸಮತಟ್ಟು ಮಾಡಿ ಸೈಟು ಮಾರುತ್ತಾರಂತೆ.

ಅಮ್ಮ ನೆಲದಲ್ಲಿ ಕಡ್ಡಿಯಿಂದ ಗೆರೆ ತೋರಿಸಿದಳು. ನೋಡಿದೆ. ಸುರಂಗದ ತಿರುವಿನ ಆಚೆಯದೆಲ್ಲ, ನೀರೂ, ಮಾವನ ಭಾಗದ ಅಡಿಯಲ್ಲಿ.

ಫೆಬ್ರವರಿ 10

ಹಾಲು ಕರೆಯುವಾಗ ಹೇಳಿದೆ. ಅಮ್ಮನ ಕೈ ನಿಂತಿತು.

‘ಯಾರಿಗೆಲ್ಲ ಹೇಳಿದ್ದಿ?’

‘ಯಾರಿಗೂ ಇಲ್ಲ.’

‘ಹಾಗಾದ್ರೆ ಬಾಯಿ ಮುಚ್ಚಿಕೊಂಡು ಕೂತ್ಕೋ. ನೀರು ಅವನ ಅಡಿಯಲ್ಲಿ ಉಂಟು ಅಂತ ಗೊತ್ತಾದ್ರೆ ಗೆರೆ ಅಳಿಸ್ತಾನೆ.’

‘ಜೆಸಿಬಿ ಬಂದ್ರೆ ಸುರಂಗವೇ ಕುಸೀತದಲ್ಲ ಅಮ್ಮ?’

‘ಅದು ಆಗ ನೋಡುವ.’

ನೋಡುವುದಕ್ಕೆ ಆಗ ಏನು ಉಳಿದಿರುತ್ತದೆ? ಅದು ಒಂದು. ಇನ್ನೊಂದು... ಮಾವ ಗೊತ್ತಿಲ್ಲದೆ ಭಾಗ ಮಾಡಿದ್ದಾರೆ. ಗೊತ್ತಿಲ್ಲದವನ ಕೈಯಿಂದ ತೆಗೆದುಕೊಂಡದ್ದು ಪಾಲು ಹೇಗಾಗುತ್ತದೆ? ಮಾವ ಒಳ್ಳೆಯವರು ಅಂತ ಅಲ್ಲ. ನನಗೆ ಅವರನ್ನು ಕಂಡರಾಗದು. ಆದರೂ.

ಫೆಬ್ರವರಿ 17, ಸಂಜೆ

ಹೇಳಿಬಿಟ್ಟೆ.

ಜಾಗ ನೋಡಿ ಅಳೆಸಲು ಕೋರ್ಟು ನೇಮಿಸಿದ ಕಮಿಷನರ್ ಬಂದಿದ್ದರು, ಶ್ರೀರಂಜಿನಿ ಮೇಡಂ, ಸಣ್ಣ ಪ್ರಾಯದ ವಕೀಲೆ. ಜೊತೆಗೆ ಸರ್ವೆಯವರು. ಅಳೆದು ಪ್ಲಾನ್ ಮಾಡಿ ಕೋರ್ಟಿಗೆ ಕೊಟ್ಟರೆ ಅದೇ ತೀರ್ಪು. ಮೇಡಂ ಸುರಂಗದ ಬಾಯಿಗೆ ಟಾರ್ಚ್ ಹಿಡಿದು ಕೇಳಿದರು, ‘ಇದು ಎಲ್ಲಿಯವರೆಗೆ ಹೋಗ್ತದೆ?’

ಅಮ್ಮ ಅಂದಳು, ‘ನೇರ. ಗುಡ್ಡದೊಳಗೆ.’

‘ಒಳಗೆ ಹೋಗಿ ಬಂದವರು ಯಾರು?’

ಅಮ್ಮ ನನ್ನನ್ನು ನೋಡಲಿಲ್ಲ. ಮೇಡಂ ನೋಡಿದರು.

‘ನಾನು. ನೇರ ಇಲ್ಲ ಮೇಡಂ. ಬಲಕ್ಕೆ ತಿರುಗ್ತದೆ. ನೀರು ಇರುವುದು ಮಾವನ ಭಾಗದ ಅಡಿಯಲ್ಲಿ.’

ಮಾವ ಜೋರಾಗಿ ನಕ್ಕರು. ‘ಕೇಳಿದ್ರಾ? ಇದು ನನ್ನ ತಂಗಿ ಕಮಲಳ ಹೊಸ ಆಟ. ನಾನು ಜೆಸಿಬಿ ಹಾಕ್ಬಾರ್ದು ಅಂತ. ಮಗಳಿಗೆ ಬಾಯಿಪಾಠ ಮಾಡಿಸಿದ್ದಾಳೆ. ಶಾಲೆಯಲ್ಲಿ ಆಗದ್ದು ನಿನಗೆ ಮನೆಯಲ್ಲಿ ಆಯ್ತು ಮಾರಾಯ್ತಿ!’

ನಿಜ ಹೇಳಿದ್ದಕ್ಕೆ ಅಮ್ಮನಿಗೆ ನಾನು ದ್ರೋಹಿ, ಮಾವನಿಗೆ ಸುಳ್ಳುಗಾತಿ. ಒಂದೇ ಮಾತಿಗೆ ಎರಡೂ.

ಅಳತೆ ಅರ್ಧಕ್ಕೆ ನಿಂತಿತು.

ಫೆಬ್ರವರಿ 21

ಅಮ್ಮ ಮಾತಾಡುವುದಿಲ್ಲ. ದನಗಳ ಹತ್ತಿರ ಮಾತಾಡುತ್ತಾಳೆ, ನನಗೆ ಕೇಳುವ ಹಾಗೆ. ‘ನೀನಾದ್ರೂ ನನ್ನ ಕಡೆ ಇದ್ದಿಯಲ್ಲ.’

ಮಾರ್ಚ್ 2

ನಮ್ಮ ವಕೀಲ ಶಿವಸುಬ್ರಹ್ಮಣ್ಯರ ಆಫೀಸಿಗೆ ಹೋದೆವು. ಬಸ್ಸಿನಲ್ಲಿ ಅಮ್ಮ ಬೇರೆ ಸೀಟು.

ಸುದ್ದಿ ಕೆಟ್ಟದು. ಸುರಂಗದ ತಕರಾರು ಬಂದ ಮೇಲೆ ಜಾಗ ಸರಿಯಾಗಿ ಪಾಲಾಗುವ ಹಾಗಿಲ್ಲ, ಇಬ್ಬರೊಳಗೆ ಹರಾಜು ಆಗಲಿ, ಹೆಚ್ಚು ಕೂಗಿದವರಿಗೆ ಪೂರ್ತಿ ಜಾಗ—ಹಾಗೆ ಕೇಳುತ್ತಾರಂತೆ ಮಾವನ ಕಡೆಯವರು. ಮಾವ ಕೂಗಬಲ್ಲರು. ಅಮ್ಮನ ಹತ್ತಿರ ಎರಡು ದನ, ಇನ್ನೂ ಕರು ಹಾಕದ ಒಂದು ಗಡಸು.

‘ಇವಳು ಸುಮ್ಮನಿದ್ದಿದ್ರೆ?’ ಅಮ್ಮ ಕೇಳಿದಳು.

ವಕೀಲರು ಕನ್ನಡಕ ತೆಗೆದು ಒರೆಸಿದರು. ‘ಸುಮ್ಮನಿದ್ದಿದ್ರೆ ಈಗ ಸಹಿ ಆಗಿರ್ತಿತ್ತು ಕಮಲಕ್ಕ. ಆದ್ರೆ ಆಚೆಯಿಂದ ಬರುವ ನೀರಿನ ಹಕ್ಕು ಅದರಲ್ಲಿ ಬರೆದಿರ್ತಿರಲಿಲ್ಲ. ಅವರು ಅಗೆದ್ರೆ ನಿಲ್ಲಿಸ್ಲಿಕ್ಕೆ ಇನ್ನೊಂದು ಕೇಸು.’

ಬರುವಾಗಲೂ ಬೇರೆ ಸೀಟು. ಆದರೆ ಟಿಕೆಟು ನನ್ನದೂ ಅವಳೇ ತೆಗೆದಳು.

ಮಾರ್ಚ್ 6

ಬೆಳಿಗ್ಗೆ ಮಾವ ಬಂದರು. ಒಬ್ಬರೇ. ಬಿಳಿ ಪಂಚೆ, ಕೈಯಲ್ಲಿ ದೊಡ್ಡ ಟಾರ್ಚ್.

‘ತೋರಿಸು ನಿನ್ನ ತಿರುವು. ಸುಳ್ಳಾದ್ರೆ ಕೋರ್ಟಿನಲ್ಲಿ ಹೇಳ್ತೇನೆ.’

ಸುರಂಗದ ಬಾಯಿಯವರೆಗೆ ಬಂದರು. ಬಗ್ಗಿದರು. ಒಳಗಿನ ತಂಪು ಮುಖಕ್ಕೆ ಬಡಿದದ್ದೇ ಹಿಂದೆ ಸರಿದರು. ಅವರಿಗೂ ಅಮ್ಮನ ಹಾಗೆಯೇ, ಉಸಿರು! ಅಣ್ಣತಂಗಿಗೆ ಒಂದು ವಿಷಯದಲ್ಲಾದರೂ ತಕರಾರಿಲ್ಲ.

ನಾನೇ ಹೇಳಿದೆ. ‘ನೀವು ಗುಡ್ಡದ ಮೇಲೆ ಹೋಗಿ ಮಾವ. ನಾನು ಒಳಗಿನಿಂದ ಹಾರೆಯಲ್ಲಿ ಕುಟ್ಟುತ್ತೇನೆ. ನೆಲಕ್ಕೆ ಕಿವಿ ಇಡಿ.’

ಹೋದೆ. ತಿರುವಿನ ಆಚೆ ಕೂತು ಮೇಲಕ್ಕೆ ಕುಟ್ಟಿದೆ. ನಿಲ್ಲಿಸಿದೆ. ಮತ್ತೆ ಕುಟ್ಟಿದೆ. ಮುಖದ ಮೇಲೆ ಹುಡಿ, ಕಾಲಡಿಯಲ್ಲಿ ನೀರು. ಮೇಲೆ ಯಾರಿದ್ದಾರೆ, ಎಲ್ಲಿದ್ದಾರೆ, ಕೇಳುತ್ತಿದೆಯೋ ಇಲ್ಲವೋ—ಒಂದೂ ಗೊತ್ತಾಗುವುದಿಲ್ಲ. ತೋಳು ಸೋಲುವವರೆಗೆ ಕುಟ್ಟಿದೆ.

ಹೊರಗೆ ಬಂದು ಗುಡ್ಡ ಹತ್ತಿದೆ. ಮಾವ ಬೋರಲು ಮಲಗಿದ್ದರು, ಪಂಚೆಯೆಲ್ಲ ಕೆಂಪು. ಸ್ವಲ್ಪ ಆಚೆ ಅಮ್ಮ. ಅವಳು ಯಾವಾಗ ಬಂದಳೋ!

‘ಅಲ್ಲಿ ಅಲ್ಲ ಅಣ್ಣ, ಇಲ್ಲಿ. ನಿನ್ನ ಕಿವಿ ಹೋಗಿದೆ.’

‘ನನ್ನ ಕಿವಿಗೆ ಎಂತ ಆಗಿದೆ? ಜಾಗ ಬಿಡು, ನೋಡ್ತೇನೆ.’

ಕೋರ್ಟು, ವಕೀಲರು ನಡುವೆ ಇಲ್ಲದೆ ಎರಡು ವರ್ಷದ ಮೇಲೆ ಮೊದಲ ಮಾತು. ಅದೂ ಜಗಳವೇ.

ಕುಟ್ಟುವುದು ನಿಂತು ಎಷ್ಟು ಹೊತ್ತಾಯಿತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಮಾವ ಎದ್ದು, ಅಮ್ಮ ತೋರಿಸಿದಲ್ಲಿ ಗುರುತಿಗೆ ಗೇರಿನ ಗೆಲ್ಲು ಊರಿದರು. ಅವರ ಭಾಗದ ನಡುಮಧ್ಯ. ಚಹಾ ಕುಡಿಯದೆ ಹೋದರು.

ಮಾರ್ಚ್ 8

ಮಾವನ ಫೋನ್, ವಕೀಲರ ಮೂಲಕ ಅಲ್ಲ. ಅಮ್ಮ ಸ್ಪೀಕರಿನಲ್ಲಿ ಇಟ್ಟಳು.

‘ಹರಾಜು ಬೇಡ ಅಂತ ಹೇಳಿದ್ದೇನೆ. ಗೆರೆ ಮಾತ್ರ ಹೊಸತಾಗಿ ಆಗ್ಬೇಕು.’

‘ಆಗಲಿ. ಆದ್ರೆ ಈ ಸಲ ಗೆರೆ ನಾನು ಎಳೆಯುದು. ನೀನು ಆರಿಸು.’

‘ಹಿರಿಯ ಅಲ್ವಾ ಭಾಗ ಮಾಡುದು?’

‘ನೀನು ಮಾಡಿ ಆಯ್ತಲ್ಲ. ನೋಡಿದ್ದೇವೆ ಚಂದ.’

ಮಾವ ನಕ್ಕರು. ಈ ಸಲದ ನಗು ಬೇರೆ.

ಮಾರ್ಚ್ 10

ಅಮ್ಮ ಗುಡ್ಡದ ಮೇಲೆ ಸುಣ್ಣದ ಹುಡಿಯಲ್ಲಿ ಗೆರೆ ಹಾಕಿದಳು. ನೇರ ಇಲ್ಲ. ಸುರಂಗದ ಮೇಲೆಯೇ ಹೋಗಿ, ಅದು ತಿರುಗಿದಲ್ಲಿ ತಾನೂ ತಿರುಗುತ್ತದೆ. ಗೆರೆಯ ಹತ್ತಿರ ಇಬ್ಬರೂ ಅಗೆಯಬಾರದು, ನೀರು ಇಬ್ಬರಿಗೂ—ಅದನ್ನೂ ತೀರ್ಪಿನಲ್ಲಿ ಬರೆಸುವುದು. ಮನೆ ಕಡೆಗೆ ಗುಡ್ಡ ಹೆಚ್ಚಾಯಿತು ಅಂತ ಅಂಗಳದ ಕೆಳಗಿನ ತೆಂಗುಗಳನ್ನು ರಸ್ತೆ ಕಡೆಗೆ ಬಿಟ್ಟಳು.

ಮಾವ ಯಾವುದನ್ನೂ ಆರಿಸಬಹುದು. ಮನೆಯನ್ನೂ.

‘ಮನೆಯೇ ಬೇಕು ಅಂದ್ರೆ?’ ಕೇಳಿದೆ.

ಅಮ್ಮ ಕೈಯ ಸುಣ್ಣ ಒರೆಸಿಕೊಂಡಳು. ‘ಆಚೆ ಕಡೆ ಶೆಡ್ ಹಾಕುದು. ದನಕ್ಕೆ ನೀರು ಉಂಟಲ್ಲ.’ ಮತ್ತೆ ನನ್ನ ಕಡೆ ತಿರುಗಿ, ‘ಹೇಳುದನ್ನು ಮೊದಲೇ ಹೇಳಿಯಾಗಿದೆ ನೀನು. ಇನ್ನು ಹೆದರುದು ಎಂತಕ್ಕೆ?’

ನನ್ನ ಹತ್ತಿರವೇ ಹೇಳಿದಳು. ದನದ ಹತ್ತಿರ ಅಲ್ಲ.

ಮಾವ ಈಗ ಬಂದಿದ್ದಾರೆ. ಗೆರೆ ಹಿಡಿದು ಮೇಲೆ ಕೆಳಗೆ ನಡೆಯುತ್ತಿದ್ದಾರೆ, ಪಂಚೆ ಎತ್ತಿ ಕಟ್ಟಿ. ಅಮ್ಮ ಜಗಲಿಯಲ್ಲಿ ನಿಂತು ನೋಡುತ್ತಿದ್ದಾಳೆ, ಕರೆಯುತ್ತಿಲ್ಲ. ನಾನು ಬಾಗಿಲ ಹತ್ತಿರ ಕೂತು ಇದನ್ನು ಬರೆಯುತ್ತಿದ್ದೇನೆ. ಇಳಿದು ಬರುತ್ತಿದ್ದಾರೆ. ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ... ಅಂಗಳಕ್ಕೆ ಬಂದರು. ‘ಕಮಲಾ, ನನಗೆ—’