ಮಂದಾಕಿನಿ ವತ್ಸಲೆಯನ್ನು ಕ್ಷಮಿಸಿದಳೇ?

ಇಮ್ಮಡಿ ಚೈತ್ರದ ನಲವತ್ತೊಂದನೆಯ ದಿನ,
ಗಾಳಿ ತಿರುಗಿದ ವರ್ಷ,
ಹಟ್ಟಿಯ ಕೆಳಗಿನೂರು.

ದಾವಣಗೆರೆಯ ಸೌಗಂಧಿಕಾ ಅವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ತಿಂಗಳು ಮುಗಿದರೂ ಸೆಕೆ ಮುಗಿಯುವುದಿಲ್ಲವೆಂದು ನಮ್ಮ ಹಿರಿಯರು ಚೈತ್ರವನ್ನೇ ಎಳೆದು ಎರಡು ಪಟ್ಟು ಮಾಡಿದರು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ, ಆದರೆ ತಪ್ಪಿನಲ್ಲಿ ಅರ್ಧ ಪಾಲು ನಿಮ್ಮದು. ಬರೆಯುವ ಕನ್ನಡವನ್ನು ನಾವು ಕಲಿತದ್ದೇ ನಿಮ್ಮ ಪೋಸ್ಟುಗಳನ್ನು ಓದಿ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತೋಚುತ್ತಿಲ್ಲ. ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿಯಾಗಬೇಕು. ಬರಹ ನೋಡಿದರೆ ಮೂಗಿನ ತುದಿಯಲ್ಲೇ ಸಿಟ್ಟಿರುವ ಚಿಕ್ಕ ಹುಡುಗಿ. ಸದ್ಯಕ್ಕೆ ‘ನೀವು’ ಎಂದೇ ಇರಲಿ.

ನನಗೆ ಪುರುಸೊತ್ತಿಲ್ಲ. ಮೇಲಿನ ಬಾಗಿಲ ಬಳಿ ಬಿಸಿಲುಗಾಡಿಗಳಿಗೆ, ಅಂದರೆ ಬಿಸಿಲನ್ನೇ ತಿಂದು ಓಡುವ ಗಾಡಿಗಳಿಗೆ, ಸಾಮಾನು ಹೇರುತ್ತಿದ್ದಾರೆ. ಆ ಸದ್ದು ಇಲ್ಲಿಗೂ ಕೇಳುತ್ತಿದೆ. ಅವು ಕಡಲಂಚಿನ ಊರಿಗೆ ಹೋಗುತ್ತವೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ನನ್ನ ತಂಗಿ ಅಮರಮ್ಮ ಇವತ್ತು ಅದರಲ್ಲೊಂದನ್ನು ಹತ್ತಲಿದ್ದಾಳೆ. ಅವಳು ಹತ್ತುವುದರೊಳಗೆ ನನಗೆ ನಿಮ್ಮಿಂದ ಒಂದು ಉತ್ತರ ಬೇಕು. ನೀವು ಬರೆಯದೇ ಬಿಟ್ಟ ಉತ್ತರ ಅದು.

ನಾವು ಯಾರೆಂದು ಹೇಳದೆ ಹೀಗೆ ದಬಾಯಿಸುವುದು ಸರಿಯಲ್ಲ. ನಿಮ್ಮ ಕಾಲದಲ್ಲಿ ಇಲ್ಲಿ ಚಿನ್ನ ಅಗೆಯುತ್ತಿದ್ದರಂತೆ. ಬಿಸಿಲಿಗೆ ಮೇಲೆ ಬದುಕುವುದು ಆಗದೇ ಹೋದಾಗ ಆ ಸುರಂಗಗಳಿಗೆ ಇಳಿದ ಮನೆತನಗಳ ಕುಡಿಗಳು ನಾವು. ಚಿನ್ನದ ಗೋಡೆಯ ನಡುವೆ ಕೂತು ಅಣಬೆ ಸಾರು ಉಣ್ಣುತ್ತೇವೆ. ಇಳಿದವರು ಕಾಳು ತಂದರು, ಬೀಸುವ ಕಲ್ಲು ತಂದರು, ದೇವರುಗಳನ್ನು ತಂದರು. ಒಬ್ಬಾಕೆ ಮಾತ್ರ ಒಂದು ತಗಡಿನ ಪೆಟ್ಟಿಗೆ ತಂದಳು. ಅದರ ತುಂಬ ಇದ್ದದ್ದು ‘ತಾರಾಮಂಡಲ ಟಾಕೀಸು’ ಎಂಬ ದೆವ್ವದ ಸೀರಿಯಲ್ಲಿನ ಬಗ್ಗೆ ನೀವು ಬರೆದ ಪೋಸ್ಟುಗಳು, ಅವುಗಳ ಕೆಳಗೆ ಜನ ಜಗಳವಾಡಿದ ಕಾಮೆಂಟುಗಳು, ಎಲ್ಲವೂ ಕಾಗದಕ್ಕೆ ಇಳಿಸಿದ್ದು. ಆಗ ಎಲ್ಲರೂ ನಕ್ಕರಂತೆ. ಆದರೆ ಬಿಸಿಲೇರಿದ ಉರಿಹೊತ್ತಿನಲ್ಲಿ ಅಲುಗಾಡದೆ ಕೂರಬೇಕಾದಾಗ ಕೇಳಲು ಬೇರೇನಿತ್ತು? ಒಬ್ಬರು ಓದಿದರು, ಉಳಿದವರು ಕೇಳಿದರು, ಅದೇ ರೂಢಿಯಾಯಿತು. ಇವತ್ತಿಗೂ ನೀವು ‘ಇಲ್ಲಿ ಬ್ರೇಕ್ ಬಂತು’ ಎಂದು ಬರೆದಲ್ಲೆಲ್ಲ ನಾವು ಓದು ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತೇವೆ. ಬ್ರೇಕ್ ಎಂದರೆ ಏನೆಂದು ನಮಗೆ ಗೊತ್ತಿಲ್ಲ, ಒಳ್ಳೆಯದೇ ಇರಬೇಕು.

ಸೀರಿಯಲ್ಲನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನಮಗೆ ಗೊತ್ತಿರುವುದು ನೀವು ಹೇಳಿದಷ್ಟೇ. ಒಂದು ಟಾಕೀಸಿಗೆ ಬೆಂಕಿ ಬೀಳುತ್ತದೆ. ಬಾಲ್ಕನಿಯಲ್ಲಿದ್ದ ಮಂದಾಕಿನಿ ಸುಟ್ಟು ಸತ್ತು ಅಲ್ಲೇ ದೆವ್ವವಾಗುತ್ತಾಳೆ. ಅವಳ ತಂಗಿ ವತ್ಸಲೆ, ರಿಪೇರಿಯಾದ ಅದೇ ಟಾಕೀಸಿನಲ್ಲಿ ಟಿಕೆಟ್ ಕೊಡುತ್ತ ಮುದುಕಿಯಾಗುತ್ತಾಳೆ. ಯಂತ್ರ ತಿರುಗಿಸುವ ಶ್ರೀಕಂಠನ ಕಣ್ಣಿಗೆ ಮಾತ್ರ ದೆವ್ವ ಕಾಣುತ್ತದೆ. ಜನವೆಲ್ಲ ಮಂದಾಕಿನಿ-ಶ್ರೀಕಂಠ, ಮಂದಾಕಿನಿ-ಶ್ರೀಕಂಠ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಒಬ್ಬನಂತೂ ‘ದೆವ್ವಕ್ಕೂ ಟೇಸ್ಟ್ ಇರುತ್ತೆ ಕಣ್ರೋ, ಆ ಮೀಸೆ ನೋಡಿ’ ಎಂದು ಕಾಮೆಂಟು ಹಾಕಿದ್ದಾನೆ. ಅವನನ್ನು ನಂಬುವ ಮೀಸೆಪಕ್ಷದವರು ನಮ್ಮಲ್ಲಿ ಈಗಲೂ ಎರಡು ಓಣಿ ತುಂಬ ಇದ್ದಾರೆ.

ನೀವೊಬ್ಬರೇ ಬೇರೆ ಜೋಡಿಯನ್ನು ತೋರಿಸಿದಿರಿ. ಯಾರೇ ಒಳಗೆ ಬಂದರೂ ಪರದೆ ಅಲುಗುತ್ತದೆ, ಫ್ಯಾನು ತಿರುಗುತ್ತದೆ, ವತ್ಸಲೆ ಬಂದಾಗ ಮಾತ್ರ ಟಾಕೀಸು ಉಸಿರು ಬಿಗಿಹಿಡಿಯುತ್ತದೆ, ಗಮನಿಸಿದ್ದೀರಾ ಎಂದು ಕೇಳಿದಿರಿ. ಸತ್ತ ಅಕ್ಕ ಲಂಗದಾವಣಿಯಲ್ಲೇ ಉಳಿದಳು, ತಂಗಿಯ ತಲೆ ನರೆಯಿತು, ತಂಗಿ ಅಕ್ಕನಿಗಿಂತ ದೊಡ್ಡವಳಾದ ಸಂಕಟವನ್ನು ಈ ಕಥೆ ಬರೆದವರು ಹೇಳಲಿಲ್ಲ, ಮೇಕಪ್ಪಿನವರು ಹೇಳಿದರು ಎಂದಿರಿ. ಬೆಂಕಿಯ ದಿನ ಬಾಲ್ಕನಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದು ವತ್ಸಲೆಯೇ ಎಂದು ಬಯಲಾದಾಗ ಎಲ್ಲರೂ ಬೆಚ್ಚಿಬಿದ್ದರು. ನೀವು ಬೀಳಲಿಲ್ಲ. ‘ಮಂದಾಕಿನಿಗೆ ಇದು ಮೊದಲ ಎಪಿಸೋಡಿನಿಂದಲೂ ಗೊತ್ತು. ಗೊತ್ತಿದ್ದೂ ದಿನಾ ತಂಗಿಯ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ. ಕ್ಷಮಿಸಿ ನಿಲ್ಲುತ್ತಾಳೋ, ಹೊಂಚು ಹಾಕಿ ನಿಲ್ಲುತ್ತಾಳೋ? ನನಗೆ ಉತ್ತರ ಸಿಕ್ಕಿದೆ. ನಾಳೆ ಬರೆಯುತ್ತೇನೆ’ ಎಂದಿರಿ.

ಆ ನಾಳೆ ಬರಲೇ ಇಲ್ಲ. ಪೆಟ್ಟಿಗೆಯ ಕೊನೆಯ ಹಾಳೆ ಅದೇ.

ಒಂದು ದೆವ್ವದ ಸೀರಿಯಲ್ಲಿಗೆ ಇಷ್ಟು ಒದ್ದಾಟವೇ ಎಂದು ನೀವು ನಗಬಹುದು. ನಮ್ಮ ಪಾತ್ರಮಾತಿನ ಬಗ್ಗೆ ತಿಳಿದರೆ ನಗುವುದಿಲ್ಲ. ಸುರಂಗದಲ್ಲಿ ಗುಟ್ಟೆಂಬುದಿಲ್ಲ. ಈ ತುದಿಯಲ್ಲಿ ಗಂಡಹೆಂಡತಿ ಜಗಳವಾಡಿದರೆ ಆ ತುದಿಯಲ್ಲಿ ತೀರ್ಪು ಸಿದ್ಧವಾಗಿರುತ್ತದೆ. ಅದಕ್ಕೇ ಮನಸ್ಸಿಗೆ ನಾಟುವ ಯಾವ ಮಾತನ್ನೂ ತನ್ನ ಹೆಸರಲ್ಲಿ ಆಡಬಾರದು, ಪಾತ್ರ ಹಿಡಿದೇ ಆಡಬೇಕು ಎಂದು ಹಿರಿಯರು ಕಟ್ಟು ಮಾಡಿದರು. ಸೊಸೆಗೆ ಅತ್ತೆಯ ಮೇಲೆ ಮುನಿಸಿದ್ದರೆ, ಶ್ರೀಕಂಠನ ತಾಯಿ ಹಾಗೆ ಮಾಡಬಾರದಿತ್ತು ಎನ್ನುತ್ತಾಳೆ. ಅತ್ತೆ ಶ್ರೀಕಂಠನ ತಾಯಿಯ ಪರ ವಾದಿಸುತ್ತಾಳೆ. ವಾದ ಮುಗಿಯುವಷ್ಟರಲ್ಲಿ ಇಬ್ಬರ ಎದೆಯೂ ಹಗುರಾಗಿರುತ್ತದೆ, ಮರ್ಯಾದೆಯೂ ಉಳಿದಿರುತ್ತದೆ. ಪಾತ್ರ ಬಿಟ್ಟು ನೇರವಾಗಿ ಕೂಗಾಡಿದವರ ಜೊತೆ ಊರು ಒಂದು ಚೈತ್ರ ಪೂರ್ತಿ ಮಾತು ಬಿಡುತ್ತದೆ.

ಈಗ ನನ್ನ ಮನೆಯ ವಿಷಯ. ಮೇಲಿನ ಗಾಳಿಬಾಗಿಲನ್ನು ಕಾಯುವುದು ಅಮರಮ್ಮನ ಕೆಲಸವಾಗಿತ್ತು. ಉರಿಗಾಳಿ ಎದ್ದಿತೆಂದು ಗಂಟೆ ಬಾರಿಸಿದರೆ ಆ ಬಾಗಿಲು ಮುಚ್ಚಲೇಬೇಕು, ಇಲ್ಲದಿದ್ದರೆ ಕೆಳಗಿರುವ ನಾವೆಲ್ಲ ಬೆಂದುಹೋಗುತ್ತೇವೆ. ಹೋದ ಚೈತ್ರದಲ್ಲಿ ನನ್ನ ಗಂಡ ಸಂಗಣ್ಣ ಬಿಸಿಲುಹಲಗೆಗಳ ಧೂಳು ಒರೆಸಲು ಮೇಲೆ ಹೋಗಿದ್ದ. ಗಂಟೆ ಬಾರಿಸಿತು. ಅವನು ಬಾಗಿಲ ಕಡೆ ಓಡಿ ಬರುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಅವಳು ಬಾಗಿಲು ಮುಚ್ಚಿದಳು. ವತ್ಸಲೆಗೆ ಬಾಲ್ಕನಿಯೊಳಗೆ ಅಕ್ಕನಿರುವುದು ಗೊತ್ತಿರಲಿಲ್ಲ, ನನ್ನ ತಂಗಿಗೆ ಎಲ್ಲವೂ ಗೊತ್ತಿತ್ತು.

ಊರು ಅವಳನ್ನು ಹೊಗಳಿತು. ನಾನೂ ಹೊಗಳಿದೆ. ತಿಥಿ ಮುಗಿದ ಮೇಲೆ ಅವಳ ಮನೆಗೆ ಹೋಗಿ ನಮ್ಮ ಕಟ್ಟಿನ ಪ್ರಕಾರವೇ, “ಮಂದಾಕಿನಿಗೆ ವತ್ಸಲಾನ ಮ್ಯಾಲೆ ಸಿಟ್ಟಿಲ್ಲ ಬಿಡು” ಎಂದೆ. ಅವಳು ಕಾಳು ಆರಿಸುತ್ತಿದ್ದಳು. ತಲೆ ಎತ್ತದೆ, “ಅದನ್ನ ಮಂದಾಕಿನಿ ಹೇಳ್ಲಿ” ಎಂದಳು.

ಪೆಟ್ಟಿಗೆ ಓದಿ ಬೆಳೆದವಳು ನಾನು. ಪುರಾವೆ ಕೇಳುತ್ತಿದ್ದಾಳೆ ಎಂದುಕೊಂಡೆ. ಮಂದಾಕಿನಿ ಕ್ಷಮಿಸಿದಳೆಂದು ನೀವು ಎಲ್ಲಾದರೂ ಬರೆದಿರಬೇಕು, ಅದನ್ನು ತಂದು ತೋರಿಸಿದರೆ ಅವಳು ಒಪ್ಪುತ್ತಾಳೆ ಎಂದು ಹಾಳೆಹಾಳೆ ತಡಕಿದೆ. ಊರೆಲ್ಲ ಸೇರುವ ಚಾವಡಿಯ ವಾದದಲ್ಲಿ ಪರದೆ, ಫ್ಯಾನು, ಉಸಿರು, ಎಲ್ಲವನ್ನೂ ಮುಂದಿಟ್ಟು ಕ್ಷಮಿಸಿದಳು ಎಂದು ಸಾಧಿಸಿದೆ. ಎದುರು ಪಕ್ಷಕ್ಕೆ ಎದ್ದು ನಿಂತವಳು ಅಮರಮ್ಮನೇ. “ಬೆನ್ನ ಹಿಂದ ನಿಂತಾಕಿ ಮುಂದ ಯಾಕ ಬರವಲ್ಲಳು? ಒಂದು ಮಾತು ಯಾಕ ಆಡವಲ್ಲಳು? ಕ್ಷಮಾ ಮಾಡಿದ್ರ ಹಿಂಗ ಇರ್ತಾರೇನ?” ಎಂದು ಕೇಳಿದಳು. ಚಾವಡಿ ಅವಳ ಕಡೆಗೆ ತೀರ್ಪು ಕೊಟ್ಟಿತು. ಮರುದಿನ ಅವಳು ಕಡಲಂಚಿನ ಗಾಡಿಗೆ ಹೆಸರು ಬರೆಸಿದಳು.

ಅದಕ್ಕೇ ಈ ಹಿಂದಂಚೆ. ನಮ್ಮ ಅತಿ ಆಳದ ಗುಂಡಿಯಲ್ಲಿ ಕಾಲ ಹಿಂದಕ್ಕೆ ಹರಿಯುತ್ತದೆ, ಅದರೊಳಗೆ ಬಿಟ್ಟ ಕಾಗದ ಹಿಂದಿನವರ ಕೈ ಸೇರುತ್ತದೆ ಎಂಬ ನಂಬಿಕೆಯುಂಟು. ಸೇರಿದರೆ ನೀವು ಆ ಕೊನೆಯ ಪೋಸ್ಟು ಬರೆಯುತ್ತೀರಿ. ಬರೆದರೆ ಅದು ಪೆಟ್ಟಿಗೆಯಲ್ಲಿ ಈಗಲೇ ಇರಬೇಕು. ಬರೆಯುತ್ತ ಬರೆಯುತ್ತ ಎರಡು ಸಲ ಎದ್ದು ಹೋಗಿ ಪೆಟ್ಟಿಗೆ ತೆಗೆದು ನೋಡಿದೆ. ಇಲ್ಲ. ಮತ್ತೆ ಬಂದು ಕೂತೆ. ಕೂತರೆ ಕಾಲು ನಿಲ್ಲುತ್ತಿಲ್ಲ. ನಿಮ್ಮ ಮೇಲೆ ಎಷ್ಟು ಕೋಪ ಬರುತ್ತಿದೆ ಗೊತ್ತೇ? ಉತ್ತರ ಸಿಕ್ಕಿದೆ ಎಂದು ಹೇಳಿ ಬಾಯಿಗೆ ಬೀಗ ಹಾಕಿಕೊಂಡವರನ್ನು ಏನನ್ನಬೇಕು? ಅವತ್ತು ನೆಂಟರು ಬಂದರೇ, ಜ್ವರ ಬಂತೇ, ಇಲ್ಲಾ ಬರೀ ಬೇಜಾರೇ? ನಿಮ್ಮ ಒಂದು ದಿನದ ಬೇಜಾರಿಗೆ ಇಲ್ಲಿ ಒಂದು ಮನೆ ಮುರಿಯುತ್ತಿದೆ.

ಸ್ವಲ್ಪ ತಡೆಯಿರಿ, ಯಾರೋ ಬಂದರು.

ಬಂದದ್ದು ನಮ್ಮ ಸೋದರತ್ತೆ ಯಂಕವ್ವ. ಅಮರಮ್ಮನ ದಾರಿಬುತ್ತಿಗೆ ರೊಟ್ಟಿ ಬಡಿದು ಕೈಯೆಲ್ಲ ಹಿಟ್ಟು ಮಾಡಿಕೊಂಡಿದ್ದಳು. ನಾನು ಬರೆಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. “ಏನ ಹುಚ್ಚಿ ಅದೀಯ ಹುಲಿಗಿ! ಸತ್ತು ಮಣ್ಣಾದಾಕಿನ್ನ ಕೇಳಾಕತ್ತಿ. ಗಂಟು ಕಟ್ಟಿ ಕುಂತಾಕಿನ್ನ ಕೇಳವಲ್ಲಿ” ಎಂದಳು. ಪಾತ್ರ ಹಿಡಿಯದೆ, ನನ್ನ ಹೆಸರು ಹಿಡಿದೇ ಅಂದಳು. ಅಂದವಳೇ ತಾನೇ ಗಾಬರಿಯಾಗಿ ಸುರಂಗದ ಆಕಡೆ ಈಕಡೆ ನೋಡಿ ಹೊರಟುಹೋದಳು.

ಸೌಗಂಧಿಕಾ ಅವರೇ, ಯಂಕವ್ವ ಹೇಳಿದ್ದು ನಿಜ. ಕಾಳು ಆರಿಸುತ್ತಿದ್ದ ನನ್ನ ತಂಗಿ ಪುರಾವೆ ಕೇಳಿರಲಿಲ್ಲ. ನನ್ನ ಬಾಯಿಂದ ನನ್ನ ಮಾತು ಕೇಳಬೇಕಿತ್ತು ಅವಳಿಗೆ. ನಾನು ಅದನ್ನು ಯಾಕೆ ಆಡಲಿಲ್ಲವೆಂದರೆ, ಆಡಿದರೆ ಸುಳ್ಳಾಗುತ್ತಿತ್ತು. ಮಂದಾಕಿನಿಗೆ ಸಿಟ್ಟಿದೆಯೋ ಇಲ್ಲವೋ ನಾನರಿಯೆ. ಹುಲಿಗೆಮ್ಮನಿಗೆ ಇದೆ. ಅಮರಮ್ಮ ಮಾಡಿದ್ದು ಸರಿ. ಅವಳ ಜಾಗದಲ್ಲಿದ್ದರೆ ನಾನೂ ಮುಚ್ಚುತ್ತಿದ್ದೆ. ಆದರೂ ಅವಳ ಕೈ ಕಂಡರೆ ಮುಖ ತಿರುಗಿಸುತ್ತೇನೆ, ಆ ಕೈಯನ್ನೇ ಹಿಡಿದು ಅಳಬೇಕೆಂದೂ ಅನ್ನಿಸುತ್ತದೆ. ಊರೆಲ್ಲ ಹೊಗಳುವಾಗ ನಾನೂ ಹೊಗಳಿದೆನಲ್ಲ, ಅದನ್ನೇ ಅವಳು ನಂಬಲಿಲ್ಲ. ನಂಬದಿದ್ದದ್ದು ಒಳ್ಳೆಯದಾಯಿತು.

ಆದ್ದರಿಂದ ಮೇಲೆ ಕೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಈ ಕಾಗದ ನಿಮಗೆ ಸಿಕ್ಕರೆ, ದಯವಿಟ್ಟು ಆ ಪೋಸ್ಟು ಬರೆಯಬೇಡಿ. ಬರೆದಿಟ್ಟಿದ್ದರೂ ಯಾರಿಗೂ ತೋರಿಸಬೇಡಿ. ಕ್ಷಮಿಸಿದಳು ಎಂದು ಬರೆದರೆ ಇಲ್ಲಿ ಎಲ್ಲರೂ ಅದನ್ನೇ ಗಿಳಿಪಾಠ ಒಪ್ಪಿಸಿ ಮನೆಗೆ ಹೋಗಿ ಮಲಗುತ್ತಾರೆ. ಕ್ಷಮಿಸಲಿಲ್ಲ ಎಂದು ಬರೆದರೂ ಅಷ್ಟೇ. ನಿಮ್ಮ ಮಾತು ಚಂದವಾಗಿದೆ, ನಮ್ಮ ಅಜ್ಜಿಯರನ್ನು ಉರಿಹೊತ್ತಿನಲ್ಲಿ ಬದುಕಿಸಿದೆ. ಅದಕ್ಕೆ ನಾವು ಋಣಿಗಳು. ಆದರೆ ನಮ್ಮ ಜಗಳವನ್ನೂ ನೀವೇ ಆಡಿಕೊಟ್ಟರೆ ನಮಗೆಂದು ಏನು ಉಳಿಯುತ್ತದೆ? ನಿಮಗೂ ಅಕ್ಕತಂಗಿಯರಿದ್ದರೆ, ಅವರ ಜೊತೆ ಸೀರಿಯಲ್ಲಿನ ಬಗ್ಗೆ ಮಾತಾಡುವುದನ್ನು ಸ್ವಲ್ಪ ಕಡಿಮೆ ಮಾಡಿ.

ಮೇಲೆ ಸಾಮಾನು ಹೇರುವ ಸದ್ದು ನಿಂತಿತು, ಈಗ ಗಾಡಿಯ ಚಕ್ರಗಳಿಗೆ ಎಣ್ಣೆ ಬಿಡುತ್ತಿರಬೇಕು. ಈ ಕಾಗದವನ್ನು ಗುಂಡಿಗೆ ಬಿಟ್ಟು ಮೇಲಕ್ಕೆ ಓಡುತ್ತೇನೆ. ಊರು ಒಂದು ಚೈತ್ರವಲ್ಲ, ಹತ್ತು ಚೈತ್ರ ಮಾತು ಬಿಡಲಿ. ಸುರಂಗದ ಕೊನೆಯ ಮನೆಗೂ ಕೇಳುವ ಹಾಗೆ, ಅವಳ ಹೆಸರು ಹಿಡಿದು, ನನ್ನ ಬಾಯಲ್ಲೇ ಕೂಗುತ್ತೇನೆ: “ಅಮರಿ, ನನ್ನ ಗಂಡನ್ನ ಹೊರಗ ಬಿಟ್ಟು ಬಾಗ್ಲ ಹಾಕಿದಿ. ನನಗ ನಿನ್ನ ಮ್ಯಾಲೆ ಸಿಟ್ಟೈತಿ. ಇಳಿ ಕೆಳಗ. ನೀ ಹೋದ್ರ ನಾ ಯಾರ ಮ್ಯಾಲೆ ಸಿಟ್ಟು ಮಾಡ್ಲೆ?”

ಇಂತಿ,
ಅಮರಮ್ಮನ ಅಕ್ಕ