ನಿಲ್ಲದೆ ಹೋದವರ ಎಣಿಕೆಯಲ್ಲಿ ನಮ್ಮಪ್ಪ

ಮ್ಯೂಸಿಯಂ ನಡೆಸುವ ಮಾನ್ಯ ನಿರ್ದೇಶಕರೇ,

ಮೊನ್ನೆ ನನಗೊಂದು ಕೆಟ್ಟ ಕನಸು ಬಿತ್ತು. ನಿಮ್ಮ ಕಟ್ಟಡದ ನೆಲಮಹಡಿಯ ಉದ್ದ ಕಾರಿಡಾರಿನಲ್ಲಿ ನಮ್ಮಪ್ಪ ಕೋಲು ಹಿಡಿದು ನಿಂತಿದ್ದಾರೆ. ಮೊದಲ ಹೆಜ್ಜೆ ಇಡಬೇಕು, ಆದರೆ ಹಿಂದುಗಡೆ ಗೋಡೆಯೇ ಇಲ್ಲ, ಪಕ್ಕದಲ್ಲಿ ಆಗಲೇ ಮೀನು ಬಂದುಬಿಟ್ಟಿದೆ. "ಇದಕ್ಕೆ ಮುಂಚೆ ಇದ್ದದ್ದೆಲ್ಲ ಎಲ್ಲಿ ಹೋಯ್ತೇ?" ಅಂತ ಕೇಳುತ್ತಾರೆ. ಬರೀ ಕನಸಾಗಿದ್ದರೆ ಮುಖ ತೊಳೆದು ಮರೆಯಬಹುದಿತ್ತು. ನೀವು ಬಾಗಿಲಿಗೆ ಅಂಟಿಸಿರುವ ಪ್ರಕಟಣೆಯಲ್ಲಿರುವುದೂ ಅದೇ ತಾನೇ? ಭೂಮಿಯ ಮೇಲೆ ಜೀವ ಹುಟ್ಟಿ ಬೆಳೆದ ಕಥೆ ಹೇಳುವ ಆ ಕಾರಿಡಾರಿನಲ್ಲಿ ಮೀನು ಬರುವ ತನಕದ ಭಾಗವನ್ನೆಲ್ಲ ಕಿತ್ತು, ಒಂದೇ ಫಲಕಕ್ಕೆ ಇಳಿಸಿ, ಮಿಕ್ಕ ಜಾಗದಲ್ಲಿ ತಿಂಡಿ ಅಂಗಡಿಯನ್ನೂ ಫೋಟೊ ತೆಗೆಸಿಕೊಳ್ಳುವ ಕಟ್ಟೆಯನ್ನೂ ಮಾಡುತ್ತೀರಂತೆ. ಕಾರಣ, "ಸಮೀಕ್ಷೆಯ ಪ್ರಕಾರ ಬಹುಪಾಲು ಸಂದರ್ಶಕರು ಈ ಭಾಗದಲ್ಲಿ ನಿಲ್ಲದೆ ಮುಂದೆ ಹೋಗುತ್ತಾರೆ." ಆ ಕೆಲಸ ನಿಲ್ಲಿಸಿ ಎಂದು ಕೇಳುವುದಕ್ಕೇ ಈ ಪತ್ರ.

ನಾನು ಓದಿದವಳಲ್ಲ. ಏಳನೇ ತರಗತಿ ಅರ್ಧಕ್ಕೆ ಬಿಟ್ಟೆ. ನಿಮ್ಮ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಓಡಿಹೋಗಿ ನೋಡಿ ಬರುವ ಪೈಕಿ ನಾನು. ಹಾಗಾಗಿ ಈ ಪತ್ರದಲ್ಲೂ ಏನೋ ತಪ್ಪಿದ್ದೇನೆಂಬ ಹೆದರಿಕೆ ಇದ್ದೇ ಇದೆ. ತಪ್ಪಿದ್ದರೆ ತಿದ್ದಿ. ಆದರೆ ಓದಿ.

ನಮ್ಮಪ್ಪ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಸ್ಟೂಲಿನ ಮೇಲೆ ಕೂತೇ ಜೀವಮಾನವಿಡೀ ಮೇಲೆ ಹೋದವರು, ಕೆಳಗೆ ಬಂದವರು. ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗಾಲು ಸೊರಗಿತು, ನಮ್ಮ ಮನೆಗೆ ಕರೆದುಕೊಂಡು ಬಂದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಹೇಳಿದ್ದು ಇಷ್ಟು: ಸಮನೆಲದ ಮೇಲೆ, ಕೈಗೆ ಆಸರೆ ಇರುವ ಕಡೆ, ದಿನಾ ನಡೆಸಿ. ನಡುವೆ ಮಾತ್ರ ನಿಲ್ಲಬಾರದು, ನಿಂತರೆ ಕಾಲು ಬಿಗಿದುಕೊಳ್ಳುತ್ತದೆ. ನಮ್ಮ ಬೀದಿಯಲ್ಲಿ ಸಮನೆಲ ಎಲ್ಲಿದೆ ಹೇಳಿ? ನಿಮ್ಮ ಕಾರಿಡಾರಿನಲ್ಲಿತ್ತು. ಗೋಡೆ ಮುಟ್ಟದಿರಲಿ ಅಂತ ಉದ್ದಕ್ಕೂ ಹಾಕಿದ ಮರದ ಕಟಕಟೆ ಅವರ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಮಧ್ಯಾಹ್ನ ಜನ ಇಲ್ಲದ ಹೊತ್ತಿಗೆ ನಿಮ್ಮ ಕಾವಲುಗಾರ ನಮ್ಮನ್ನು ಒಳಗೆ ಬಿಡುತ್ತಿದ್ದ. ಅವನ ಮೇಲೆ ದಯವಿಟ್ಟು ಕ್ರಮ ಕೈಗೊಳ್ಳಬೇಡಿ, ಈ ಸಾಲು ಹೊಡೆದುಹಾಕೋಣವೇ ಅಂತ ಆಗಲೇ ಎರಡು ಸಲ ಪೆನ್ನು ಎತ್ತಿದೆ.

ಆ ಗೋಡೆಯನ್ನು ಬರೆದವರು ಜಾಣರು. ಕಾಲವನ್ನು ಅಳತೆಗೆ ಸರಿಯಾಗಿ ಹಾಸಿದ್ದಾರೆ. ಒಂಬತ್ತು ಪಾಲಿನಲ್ಲಿ ಎಂಟು ಪಾಲು ಮೀನೂ ಇಲ್ಲ, ಮೂಳೆಯೂ ಇಲ್ಲ. ಮೊದಲು ಕಾದ ಕಲ್ಲು, ಆಮೇಲೆ ಸಮುದ್ರ, ಆಮೇಲೆ ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದ ಜೀವ. ಅದು ಹೇಗೆ ಹುಟ್ಟಿತು ಎನ್ನುವಲ್ಲಿ "ಖಚಿತವಾಗಿ ಇನ್ನೂ ಗೊತ್ತಿಲ್ಲ" ಎಂದು ಬರೆದಿದೆ. ಒಂದು ಕಚೇರಿಯ ಗೋಡೆಯ ಮೇಲೆ "ಗೊತ್ತಿಲ್ಲ" ಎಂಬ ಮಾತನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದನ್ನೂ ಕೀಳುತ್ತೀರಾ? ಮುಂದೆ ಪದರ ಪದರವಾಗಿ ಹಸಿರು ಲೋಳೆ. ಆ ಲೋಳೆ ಬಿಸಿಲು ಕುಡಿದು ಬಿಟ್ಟ ಉಸಿರಿಗೆ ಸಮುದ್ರದ ಕಬ್ಬಿಣವೆಲ್ಲ ತುಕ್ಕಾಗಿ ತಳ ಸೇರಿತಂತೆ, ಕಲ್ಲಿನಲ್ಲಿ ಆ ಕೆಂಪು ಗೆರೆ ಇವತ್ತಿಗೂ ಇದೆಯಂತೆ. ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ ಅಂತ ಲಾಂಡ್ರಿಯವಳಿಗೆ ಹೇಳಿಕೊಡಬೇಕೇ? ನಾನು ಅಪ್ಪನ ಹಿಂದೆ ಹಿಂದೆ ನಡೆಯುತ್ತ ಇದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ಅವರು ಹಳೇ ಅಭ್ಯಾಸಬಲದಿಂದ ಮಹಡಿ ಕೂಗುತ್ತಿದ್ದರು: "ಲೋಳೆ, ಲೋಳೆ. ಇಳಿಯೋರು ಇಳೀರಿ." ಕಾವಲುಗಾರ ಇವತ್ತು ಎಲ್ಲಿಗೆ ಮುಟ್ಟಿದಿರಿ ಅಜ್ಜಾ ಅಂದರೆ, "ಮೂಳೆ ಬರೋಕೆ ಇನ್ನೂ ಬಹಳ ದಿನ ಇದೆ ಕಣಯ್ಯ" ಅನ್ನುವರು.

ಮೊದಮೊದಲು ಸಮುದ್ರದವರೆಗೆ ಹೋಗಿ ವಾಪಸ್. ಆಮೇಲೆ ಲೋಳೆಯವರೆಗೆ, ಆಮೇಲೆ ಕೆಂಪು ಗೆರೆ. ಅಲ್ಲಿಂದ ಮುಂದೆ ಒಂದು ಜೀವಕೋಶ ಇನ್ನೊಂದನ್ನು ನುಂಗಿದ ಚಿತ್ರವಿದೆ. ನುಂಗಿದ್ದು ಅರಗಲಿಲ್ಲ, ಒಳಗೇ ಬದುಕಿತು, ಎರಡೂ ಕೂಡಿ ಹೊಸದೊಂದು ಜೀವವಾಯಿತು ಅಂತ ಓದಿ ಹೇಳಿದೆ. ಅಪ್ಪ ನಕ್ಕು, ನಾನು ನಿನ್ನ ಮನೆಗೆ ಬಂದ ಹಾಗೆ ಅಂದರು. ಒಂದು ದಿನ ನಾನೇ ತಡೆಯಲಾರದೆ, ಇಷ್ಟುದ್ದಕ್ಕೂ ಬರೀ ಲೋಳೆಯೇ, ಏನೂ ಆಗುವುದೇ ಇಲ್ಲವಲ್ಲಪ್ಪ ಅಂದೆ. ಅವರು ನಡೆಯುತ್ತಲೇ ಹೇಳಿದರು: "ಹೊರಗಿಂದ ನೋಡಿದ್ರೆ ಈ ಕಾಲಲ್ಲೂ ಏನೂ ಆಗ್ತಿಲ್ಲ ಕಣೇ. ಒಳಗೆ ನಡೀತಾ ಇರತ್ತೆ." ಕೊನೆಯ ಬಾಗಿಲಲ್ಲಿ ಮನುಷ್ಯ ಬರುತ್ತಾನಲ್ಲ, ಅಲ್ಲಿಯವರೆಗೆ ಒಂದೇ ಸಲಕ್ಕೆ ನಡೆಯಬೇಕು ಅನ್ನುವುದು ಅವರ ಹಟವಾಗಿತ್ತು.

ನಿಮ್ಮ ಸಮಿತಿಯವರು ಆ ಕಾಲದಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ ಅಂತ ಯೋಚಿಸುತ್ತೇನೆ. ಸಮುದ್ರಕ್ಕೆ ಬಂದು ನೋಡಿ, ಇಷ್ಟು ಕೋಟಿ ವರ್ಷಗಳಾದರೂ ಕಣ್ಣಿಗೆ ಕಾಣುವ ಪ್ರಗತಿ ಇಲ್ಲ ಎಂದು ಷರಾ ಬರೆದು ಸಮುದ್ರವನ್ನೇ ಮುಚ್ಚಿಸುತ್ತಿರಲಿಲ್ಲವೇ? ಆಗ ನಿಮ್ಮ ಕುರ್ಚಿಯೂ ಇರುತ್ತಿರಲಿಲ್ಲ, ಅದರಲ್ಲಿ ಕೂರುವ ತಾವೂ ಇರುತ್ತಿರಲಿಲ್ಲ. ನಾವೆಲ್ಲ ಉಸಿರಾಡುವ ಗಾಳಿ ಆ ಲೋಳೆಯ ದುಡಿಮೆ. ಅದಕ್ಕೆ ನನ್ನ ಇಸ್ತ್ರಿ ಮೇಜಿನಷ್ಟು ಅಗಲದ ಫಲಕ ಸಾಕೇ?

ಈಗ ಸಂಕಟದ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಹಸಿರು ಲೋಳೆಯ ಎದುರಿಗೆ ನಿಮ್ಮವರೊಬ್ಬರು ಕೈಯಲ್ಲಿ ಎಣಿಸುವ ಯಂತ್ರ ಹಿಡಿದು ಕೂತಿದ್ದರು. ನೆಲಕ್ಕೆ ಅಂಟಿಸಿದ ಪಟ್ಟಿ ದಾಟಿದವರನ್ನೆಲ್ಲ ಎಣಿಸುತ್ತಿದ್ದರು, ನಿಂತವರಿಗೆ ಒಂದು ಗುಂಡಿ, ನಿಲ್ಲದವರಿಗೆ ಇನ್ನೊಂದು. ಅಷ್ಟು ಹೊತ್ತಿಗೆ ಅಪ್ಪ ಒಬ್ಬರೇ ನಡೆಯುವ ಹಾಗಾಗಿದ್ದರು, ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ, ಯಾಕೆ ಎಣಿಸುತ್ತಾರೆ ಅಂತ ತಲೆಗೆ ಹೋಗಲಿಲ್ಲ. ಅಪ್ಪ ಹೋದರು, ಟಿಕ್. ಬಂದರು, ಟಿಕ್. ಮತ್ತೆ ಹೋದರು. ಸಮೀಕ್ಷೆ ಮುಗಿಯುವವರೆಗೆ ದಿನಾ ಹೀಗೆಯೇ. ಅವರು ನಿಲ್ಲುವ ಹಾಗಿರಲಿಲ್ಲ ಸ್ವಾಮೀ, ನಿಲ್ಲಬಾರದು ಅಂತ ಡಾಕ್ಟರಮ್ಮನ ಆಜ್ಞೆ. ಪ್ರಕಟಣೆ ಅಂಟಿಸಿದ ದಿನ ಕಾವಲುಗಾರನೇ ನಗುತ್ತ ಅಂದ, "ನಿಲ್ಲದೆ ಹೋದೋರಲ್ಲಿ ಅರ್ಧ ಜನ ನೀವೇ ಅಜ್ಜಾ." ಪಾಪ, ತಮಾಷೆಗೆ ಅಂದದ್ದು. ಅಪ್ಪ ನಗಲಿಲ್ಲ. ಪ್ರಕಟಣೆಯನ್ನು ನನ್ನಿಂದ ಎರಡೆರಡು ಸಲ ಓದಿಸಿದರು.

"ನಡೀರಿ ಅಂದ್ರು, ನಡೆದೆ. ಆ ಗೋಡೆ ಕೆಡವಿದ್ದೂ ನನ್ನ ಕಾಲೇ ಆಯ್ತಲ್ಲೇ" ಅಂದರು ಮನೆಗೆ ಬಂದು.

ಅವತ್ತಿನಿಂದ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಎದ್ದಿಲ್ಲ. ಬೇರೆ ಕಡೆ ನಡೆಯೋಣ ಬಾಪ್ಪ ಅಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಸಡಿಲಾಗಿದ್ದ ಎಡಗಾಲಿನ ಬೆರಳುಗಳು ಮತ್ತೆ ಒಳಕ್ಕೆ ಮುದುಡುತ್ತಿವೆ. ಹೀಗೇ ಬಿಟ್ಟರೆ ಕಾಲು ಕೈಬಿಟ್ಟ ಹಾಗೆಯೇ ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದಾರೆ. ನಾನು ದಿನಾ ಅವರ ಪಾದ ಮುಟ್ಟಿ ಬಿಸಿ ಇದೆಯೋ ಇಲ್ಲವೋ ನೋಡುತ್ತೇನೆ, ಇಸ್ತ್ರಿ ಪೆಟ್ಟಿಗೆ ನೋಡುವ ಹಾಗೆ.

ತಿಂಡಿ ಅಂಗಡಿ ಬೇಡವೆನ್ನಲು ನಾನ್ಯಾರು? ಅಂಗಳದಲ್ಲಿ ಮಾಡಿಕೊಳ್ಳಿ. ಆ ಗೋಡೆಯನ್ನು ಇದ್ದ ಉದ್ದಕ್ಕೇ ಬಿಡಿ. ಅದೂ ಆಗದಿದ್ದರೆ, ಗುತ್ತಿಗೆದಾರ ಸುತ್ತಿಗೆ ಎತ್ತುವ ಮುಂಚೆ ಒಂದೇ ಒಂದು ವಿಷಯವನ್ನು ಇನ್ನೊಮ್ಮೆ ನೋಡಿಸಿ. ಎಣಿಸಲು ಕೂತಿದ್ದವರನ್ನು ಕರೆದು ಕೇಳಿ: ನಿಲ್ಲದೆ ಹೋದವರ ಪೈಕಿ ಎಡಗಾಲು ಎಳೆಯುತ್ತ, ಕೋಲು ಊರುತ್ತ, ಮಹಡಿ ಕೂಗಿಕೊಂಡು ಹೋದ ಮುದುಕರೊಬ್ಬರು ಇದ್ದರೇ? ಅವರನ್ನು ಎಷ್ಟು ಜನ ಅಂತ ಬರೆದುಕೊಂಡಿರಿ? ಹೌದು ಅಂತಾದರೆ, ಅವರನ್ನು ಆ ಎಣಿಕೆಯಿಂದ ಪೂರ್ತಿ ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಒಂದು ಸಾಲು ಬರೆದು ಕಳಿಸಿ. ಅವರು ಆ ಭಾಗವನ್ನು ದಾಟಿಕೊಂಡು ಬೇರೆಲ್ಲಿಗೋ ಹೋಗುತ್ತಿರಲಿಲ್ಲ, ಅಲ್ಲಿಗೇ ಬರುತ್ತಿದ್ದರು. ಆ ಸಾಲನ್ನು ಕುರ್ಚಿಯ ಪಕ್ಕ ನಿಂತು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಬಹುಪಾಲು ಸಂದರ್ಶಕರಾಗಿರುವ ಒಬ್ಬರ ಮಗಳು