ನತ್ರವೋ ನತ್ತೋ

ಔರಾದ ಶಹಾಜನಿ
೧೪ ಮೇ ೨೦೦೪

ಚಿರಂಜೀವಿ ಅನುರಾಧಾಳಿಗೆ ಅವ್ವನ ಮನಸಾರೆ ಆಶೀರ್ವಾದಗಳು.

ಹೇಗಿದ್ದೀ? ಕಾಲಿನ ಬಾವು ಇಳಿಯಿತೆ? ಏಳನೇ ತಿಂಗಳಲ್ಲಿ ಉದಗೀರದ ಬಿಸಿಲಿಗೆ ಮಾಳಿಗೆ ಹತ್ತಿ ಇಳಿಯಬೇಡ. ಅಳಿಯಂದಿರಿಗೆ ಕಾಲೇಜಿನ ರಜೆ ಇದೆಯಲ್ಲ, ನೀರು ತುಂಬುವುದನ್ನು ಅವರಿಗೇ ಬಿಡು. ನೀರಿನ ಮೇಲೆ ಅವರಿಗೆ ಹೇಗೂ ಬಹಳ ಪ್ರೀತಿ. ಅವ್ವ ಮರಾಠಿ ಬಿಟ್ಟು ಕನ್ನಡದಲ್ಲೇಕೆ ಬರೆದಳು ಎಂದು ಕೇಳಬೇಡ. ಭಾಲ್ಕಿಯ ತವರಿನಲ್ಲಿ ಕಲಿತ ಅಕ್ಷರ ಮರೆಯಬಾರದೆಂದು ಬರೆದೆ ಅಂದುಕೋ. ಆದರೆ ಕೊನೆಯವರೆಗೂ ಓದು.

ರಸಾಯನ ಕಲಿಸುವ ಅಳಿಯಂದಿರು ಹೋದ ತಿಂಗಳು ಎರಡು ಬಾಟಲಿ ನೀರು ಒಯ್ದರಲ್ಲ, ಒಂದು ನಮ್ಮ ಹಿತ್ತಲ ಬಾವಿಯದು, ಇನ್ನೊಂದು ನಿಮ್ಮಪ್ಪನ ಪನೀರ ಶೆಡ್ಡಿನ ಮೇಲ್ಗಡೆ ಇರುವ ಪ್ರಯಾಗಬಾಯಿಯ ಬಾವಿಯದು. ಅವರ ಫೋನ್ ಬಂದಾಗ ನಾನು ನಮ್ಮ ಹಾಲಿನ ಅಂಗಡಿಯಲ್ಲೇ ಇದ್ದೆ. ಪ್ರಯಾಗಬಾಯಿಯ ನೀರಲ್ಲಿ ನತ್ರ, ಅದೇ ಗೊಬ್ಬರದಲ್ಲಿರುವ ನೈಟ್ರೇಟು, ಹದಿನೆಂಟು, ನಮ್ಮದರಲ್ಲಿ ತೊಂಬತ್ತೆರಡು, ನಲವತ್ತೈದು ದಾಟಬಾರದು, ಕಾಯಿಸಿದರೂ ಅದು ಹೋಗುವುದಿಲ್ಲ, ಆ ನೀರಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ಹಸುಗೂಸಿನ ಮೈ ನೀಲಿ ಬೀಳಬಹುದು, ಪನೀರ ಹಿಂಡಿದ ಹುಳಿನೀರು ಮಣ್ಣಲ್ಲಿ ಕೊಳೆತು ಬಾವಿಗೆ ಇಳಿಯುತ್ತಿರಬೇಕು ಎಂದರಂತೆ. ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು, ತೊಂಬತ್ತೆರಡು ಬಂದರೆ ಬೇರೆ ಮನೆಗಳಲ್ಲಿ ಪೇಢೆ ಹಂಚುತ್ತಾರೆ ಎಂದರು. ಆಮೇಲೆ ಹಾಲಿಗೆ ಬಂದವರಿಗೆಲ್ಲ ಒಂದೇ ಮಾತು: “ಯೂರಿಯಾ ಚೀಲಕ್ಕ ಪಾಳಿ ಹಚ್ಚಿ ನಿಂದರ್ತೀರಿ. ನಮ್ಮ ಬಾವ್ಯಾಗ ನತ್ರ ಫುಕಟ ಬರ್ತದ.” ಕಲಿತ ಮಂದಿಗೆ ಹಾಲೂ ವಿಷವಾಗಿ ಕಾಣುತ್ತದೆ ಎಂಬ ಗೊಣಗಾಟ ಬೇರೆ. ಅಷ್ಟರಲ್ಲಿ ನೀನು, ಬಾವಿಯದೊಂದು ದಾರಿಯಾಗದೆ ಬಾಣಂತನಕ್ಕೆ ಬರುವುದಿಲ್ಲ ಎಂದು ಹೇಳಿಕಳಿಸಿದೆ. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ನಾನು ಅವ್ವನಾಗಿ ಇದ್ದೇನು ಬಂತು? ಎರಡು ದಿನ ನನಗೆ ಅನ್ನ ಸೇರಲಿಲ್ಲ. ನಿಮ್ಮಪ್ಪನಿಗೆ ಸೇರಿತು.

ಆಗ ನಮ್ಮ ಕೈಹಿಡಿದದ್ದು ನಿನ್ನ ಆಯಿಯ ಕಿವಿ. ನಮ್ಮ ಅತ್ತೆಗೆ ಎಡಗಿವಿ ಕೇಳಿಸದು, ಬಲಗಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಬಾವಿಯಲ್ಲಿ ನತ್ರ ಇದೆ ಎಂಬುದು ಆಕೆಗೆ ನತ್ತು ಇದೆ ಎಂದು ಕೇಳಿಸಿತು. ಯಾವ ನತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಭೂಕಂಪದ ಗದ್ದಲದಲ್ಲಿ ಆಕೆಯ ಸೆರಗಿನ ಗಂಟಿನಿಂದ ಕಳೆದುಹೋದ ಏಳು ಮುತ್ತಿನ ನತ್ತು. ಸೊಸೆ ಅದನ್ನು ತವರಿಗೆ ಸಾಗಿಸಿದಳು ಎಂದು ಹತ್ತು ವರ್ಷದಿಂದ ಆಕೆ ನನ್ನ ಮೇಲೆ ಓಣಿಗೆಲ್ಲ ಹೇಳುತ್ತ ಬಂದ ನತ್ತು. ಆಕೆ ಕೋಲೂರಿಕೊಂಡು ನೇರ ಅಂಗಡಿಗೆ ಹೋಗಿ ಕೂತಳು. “ಅಳಿಯಾ ಮಶೀನ ಹಚ್ಚಿ ನೋಡ್ಯಾನ. ನನ್ನ ನತ್ತು ಬಾವ್ಯಾಗ ಅದ. ಅದು ತೆಗಸೋತನಾ ನಾ ಉಣ್ಣಾಂಗಿಲ್ಲ.” ನತ್ರ ಬೇರೆ, ನತ್ತು ಬೇರೆ ಎಂದು ನಿಮ್ಮಪ್ಪ ಆರು ಸಲ ಕೂಗಿದರು, ಕೊನೆಗೆ ಗಿರಾಕಿಗಳೂ ನತ್ತು ನತ್ತು ಎನ್ನತೊಡಗಿದರು. ಅಳಿಯ ಹೇಳಿದರೆ ಕೇಳದವರು, ಹೆಂಡತಿ ಹೇಳಿದರೆ ಮೊದಲೇ ಕೇಳದವರು, ತಮ್ಮ ಅವ್ವ ಒಂದು ಹೊತ್ತು ಉಪವಾಸ ಕೂತದ್ದಕ್ಕೆ ಮರುದಿನವೇ ನೀರೆತ್ತುವ ಎರಡು ಇಂಜಿನ್ ಹಚ್ಚಿ, ಹೂಳೆತ್ತುವ ರೇವಣಸಿದ್ಧನನ್ನು ಕರೆಸಿದರು.

ನೀರು ತಳ ಕಂಡಾಗ ರೇವಣಸಿದ್ಧ ಮೂಗು ಮುಚ್ಚಿಕೊಂಡು ಮೇಲೆ ಬಂದ. ಮೂರು ಕಡೆಯ ಗೋಡೆ ಒಣಗಿದೆ, ಶೆಡ್ಡಿನ ಕಡೆಯ ಕಲ್ಲಿನ ಸಂದಿಯಿಂದ ಮಾತ್ರ ಏನೋ ಜಿನುಗುತ್ತಿದೆ ಎಂದ. ನಂಬದ ನಿಮ್ಮಪ್ಪ ಧೋತರ ಎತ್ತಿ ಕಟ್ಟಿ ತಾವೇ ಇಳಿದರು. ಹಾಲು ಒಡೆದ ಮೇಲೆ ನೀರು ಹದಕ್ಕೆ ಬಂತೋ ಎಂದು ಬೆರಳದ್ದಿ ನೆಕ್ಕಿ ನೋಡುವುದು ಅವರ ಹದಿನೈದು ವರ್ಷದ ರೂಢಿ. ಅದೇ ರೂಢಿಯಲ್ಲಿ ಕಲ್ಲಿನ ಸಂದಿಗೂ ಬೆರಳು ಹಚ್ಚಿ ನಾಲಿಗೆಗೆ ಇಟ್ಟರು. ಮೇಲೆ ಇಪ್ಪತ್ತು ಮಂದಿ ಬಗ್ಗಿ ನೋಡುತ್ತಿದ್ದೆವು. ಇನ್ನೊಮ್ಮೆ ಬೆರಳು ಹಚ್ಚಿ ನೆಕ್ಕಿದರು. ಆಮೇಲೆ ಸಣ್ಣ ದನಿಯಲ್ಲಿ, “ಇದು ನಮ್ಮದೇ ಅದ,” ಅಂದರು. ಮೇಲೆ ಬಂದು ಬಾಯಿ ಮುಕ್ಕಳಿಸಲು ನೀರು ಕೇಳಿದರು. ಮನೆಯಲ್ಲಿ ಹನಿ ನೀರಿರಲಿಲ್ಲ.

ನತ್ತೂ ಸಿಕ್ಕಿತು. ಮೂರನೆಯ ಬುಟ್ಟಿಯ ಕೆಸರಿನಲ್ಲಿ, ಆಯಿಯ ಕೈಗೇ. ಆಕೆ ಅದನ್ನು ಸೆರಗಿನಿಂದ ಒರೆಸಿ, ಓಣಿಯವರೆದುರಿಗೇ ನನ್ನ ಗದ್ದ ಹಿಡಿದು, “ಉಮಾ, ನಿನ್ನ ಮ್ಯಾಲ ಸುಳ್ಳ ಹೊರಿಸಿದ್ನೆವ್ವಾ,” ಎಂದು ಅತ್ತಳು. ನಾನೂ ಅತ್ತೆ. ನನ್ನ ಅಳುವಿಗೆ ಬೇರೆ ಕಾರಣವೂ ಇತ್ತು, ಅದಿರಲಿ.

ಈಗ ಹುಳಿನೀರನ್ನು ಮೋರಿಗೆ ಬಿಡುತ್ತಿಲ್ಲ. ಸಿಮೆಂಟಿನ ತೊಟ್ಟಿ ಕಟ್ಟಿಸುತ್ತಿದ್ದಾರೆ. ಅಲ್ಲಿಯವರೆಗೆ ಡ್ರಮ್ಮಿನಲ್ಲಿ ತುಂಬಿ ಎಮ್ಮೆಗಳಿಗೆ ಕುಡಿಸುತ್ತಾರೆ. ಬಾವಿ ಸುಧಾರಿಸಲು ಎರಡು ಮಳೆಗಾಲವಾದರೂ ಬೇಕೆಂದು ಅಳಿಯಂದಿರು ಹೇಳಿದ ಮೇಲೆ, ಕುಡಿಯುವ ನೀರನ್ನು ನಿಮ್ಮಪ್ಪ ದಿನಾ ಬೆಳಿಗ್ಗೆ ಪ್ರಯಾಗಬಾಯಿಯ ಬಾವಿಯಿಂದ ತರುತ್ತಿದ್ದಾರೆ. ಹೊಲದ ಬದುವಿನ ಜಗಳದಿಂದ ಎಂಟು ವರ್ಷ ಮಾತು ಬಿಟ್ಟ ಪ್ರಯಾಗಬಾಯಿಯೇ. ಕೊಡ ತುಂಬುವವರೆಗೂ ಆಕೆ ಬೈಯುತ್ತಾಳೆ, ಇವರು ತಲೆ ತಗ್ಗಿಸಿ ಕೇಳಿಸಿಕೊಂಡು ಬರುತ್ತಾರೆ. ಹದಿನೆಂಟರ ನೀರು ಬಂತು ಎಂದು ಕೊಡ ಇಳಿಸುವಾಗ ಅವರ ಮುಖ ನೋಡಿದರೆ ನನಗೆ ನಗುವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಎಲ್ಲ ನಿನ್ನ ಕೂಸಿಗಾಗಿ. ಇನ್ನು ಹಟ ಬಿಟ್ಟು ಬಾ.

ಅಳಿಯಂದಿರಿಗೆ ನಮ್ಮ ಶರಣು ತಿಳಿಸು. ಆಯಿ ನಿನ್ನ ಬಾಣಂತನದ ಅಂಟಿನುಂಡಿಗೆಂದು ಈಗಿನಿಂದಲೇ ಉತ್ತತ್ತಿ ಒಡೆಯುತ್ತ ಕೂತಿದ್ದಾಳೆ. ಬಸವಣ್ಣ ತಾಯಿ-ಕೂಸಿನ ಬೆನ್ನಿಗಿರಲಿ.

ನಿನ್ನ ಅವ್ವ,
ಉಮಾಬಾಯಿ

ತಾ. ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಹೇಳುತ್ತೇನೆ. ನತ್ತು ಬಾವಿಯಲ್ಲಿ ಇರಲೇ ಇಲ್ಲ. ಭೂಕಂಪಕ್ಕೆ ಬಿದ್ದ ಹಿತ್ತಲ ಗೋಡೆಯ ಮಣ್ಣು ಎತ್ತುವಾಗ ಮರುವರ್ಷ ನನಗೇ ಸಿಕ್ಕಿತ್ತು. ಅಷ್ಟರಲ್ಲಿ ಓಣಿಗೆಲ್ಲ ನಾನು ಕಳ್ಳಿಯಾಗಿದ್ದೆ. ತೆಗೆದುಕೊಟ್ಟಿದ್ದರೆ ಹೌದೆಂದು ಸಾಬೀತಾಗುತ್ತಿತ್ತು. ಇಷ್ಟು ವರ್ಷ ನನ್ನ ಸೂಜಿ-ದಾರದ ಡಬ್ಬಿಯ ತಳದಲ್ಲಿತ್ತು. ನತ್ರಕ್ಕೆಂದು ನಿಮ್ಮಪ್ಪ ಬಾವಿಗೆ ಇಳಿಯುವವರಲ್ಲ, ಅದಕ್ಕೇ ಆಯಿ ನತ್ತು ಎಂದಾಗ ನಾನು ತಿದ್ದಲಿಲ್ಲ. ಮೂರನೆಯ ಬುಟ್ಟಿಗೆ ಅದನ್ನು ಜಾರಿಸಿದವಳೂ ನಾನೇ. ಇಲ್ಲಿ ಯಾರಿಗೂ ಕನ್ನಡ ಓದಲು ಬಾರದು, ಅಲ್ಲಿ ಬರುವುದು ನಿನಗೊಬ್ಬಳಿಗೇ. ಓದಿ ಒಲೆಗೆ ಹಾಕು. ಹೆಣ್ಣು ಹುಟ್ಟಿದರೆ ನತ್ತು ಅದಕ್ಕೇ ಎಂದು ಆಯಿ ತೆಗೆದಿಟ್ಟಿದ್ದಾಳೆ. ನಿನಗೆ ತೋರಿಸಿದಾಗ ಆಶ್ಚರ್ಯಪಡುವುದನ್ನು ಮರೆಯಬೇಡ.